ಬಲಗಡೆಯ ಸೆರಗು

ನಾನು ಇಪ್ಪತ್ತೈದು ವ್ಯಾಟಿನ, ತಂತಿಗಳಿಗೆ ಬೆಸುಗೆ ಹಾಕುವ ಒಂದು ಸಾಲ್ಡರಿಂಗ್ ಐರನ್. ಅಭ್ರಕದ ಹಾಳೆಗೆ ಸುತ್ತಿದ ನೈಕ್ರೋಮ್ ತಂತಿ ನನ್ನ ಕರುಳು. ತಾಮ್ರದ ತುಂಡು ನನ್ನ ಮೂಗು. ತಿಪಟೂರಿನ ಖಲೀಲ್ ಸಾಹೇಬರ ರೇಡಿಯೊ ಅಂಗಡಿಯಲ್ಲಿ ಮೊದಲ ಸಲ ಬಿಸಿಯಾದೆ. ಸಾಹೇಬರು ಅಂಗಡಿ ಮುಚ್ಚಿದಾಗ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವನಜಾಕ್ಷಿ ಮೇಡಂ ನನ್ನನ್ನು ಮನೆಗೆ ತಂದರು.

ಒಂದು ದಿನ ಅವರು ಫೋನಿಗೆ ಓಗೊಟ್ಟು ಎದ್ದಾಗ ನಾನು ಮಣೆಯ ಮೇಲೆ ಉರುಳಿದೆ. ಬಂದು ನೋಡಿದರೆ ಮರದಲ್ಲಿ ಕಂದು ಗೆರೆ. ಬಯ್ಯುವರೆಂದುಕೊಂಡೆ. ಅವರು ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರು.

ಕಲಿಸುವವರು ಯಾರೂ ಇರಲಿಲ್ಲ. ನನ್ನ ಮೂಗನ್ನು ಅರದಿಂದ ಉಜ್ಜಿ ಚೂಪು ಮಾಡಿದರು. ಪ್ಲೈವುಡ್ ಸುಟ್ಟರೆ ಅಂಟಿನ ಹೊಗೆ ಏಳುತ್ತದೆ, ಸಿಲ್ವರ್ ಓಕ್ ಹಲಗೆ ಮಾತು ಕೇಳುತ್ತದೆ, ಮರದ ಎಳೆಗೆ ಅಡ್ಡ ಹೋದರೆ ಕೈ ಜಗ್ಗುತ್ತದೆ ಎಂದು ಸುಟ್ಟು ಸುಟ್ಟೇ ತಿಳಿದುಕೊಂಡರು. ಚಿತ್ರ ಇಳಿಸುವ ಉಪಾಯವೂ ಅವರದೇ: ಜೆರಾಕ್ಸ್ ಪ್ರತಿಯನ್ನು ಹಲಗೆಯ ಮೇಲೆ ಬೋರಲು ಹಾಕಿ, ಬೆನ್ನಿಗೆ ಥಿನ್ನರ್ ಸವರಿ ಉಜ್ಜಿದರೆ ಮಸಿ ಮರಕ್ಕೆ ಹತ್ತುತ್ತಿತ್ತು. ಆ ಗೆರೆಗಳ ಮೇಲೆ ನಾನು ನಡೆಯುತ್ತಿದ್ದೆ. ಹೂವು, ನವಿಲು ಎಷ್ಟೋ ಆದವು. ಅವು ಯಾವ ಕಡೆಗೆ ತಿರುಗಿದರೂ ಯಾರೂ ಕೇಳಲಿಲ್ಲ.

ಎದುರು ಮನೆಯ ಶ್ರೀಕಂಠಯ್ಯನವರ ಹೆಂಡತಿ ಪದ್ಮಾವತಮ್ಮ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷಾಬ್ದಿಕಕ್ಕೆ ಅವರ ಮುಖವನ್ನು ಮರದಲ್ಲಿ ಮಾಡಿಕೊಡುತ್ತೇನೆಂದು ಮೇಡಂ ತಾವಾಗಿಯೇ ಹೇಳಿದರು. ಮನೆಯಲ್ಲಿ ಉಳಿದಿದ್ದ ಒಂದೇ ಒಳ್ಳೆಯ ಫೋಟೊವನ್ನು ಶ್ರೀಕಂಠಯ್ಯ ಕೊಟ್ಟರು. ಬೇರೆಯವರ ಮನೆಗೆಂದು ಮೇಡಂ ಕೈಹಾಕಿದ ಮೊದಲ ಕೆಲಸ ಅದು. ಕಣ್ಣಿನ ಅಂಚಿನ ಸುಕ್ಕುಗಳಿಗೇ ಒಂದು ಭಾನುವಾರ ಹಿಡಿಯಿತು.

ವರ್ಷಾಬ್ದಿಕದ ಹಿಂದಿನ ದಿನ ಶ್ರೀಕಂಠಯ್ಯ, ಪದ್ಮಾವತಮ್ಮನ ತಂಗಿ ರಾಜಲಕ್ಷ್ಮಮ್ಮನ ಜೊತೆ ಬಂದರು. ನಾನಿನ್ನೂ ಬೆಚ್ಚಗಿದ್ದೆ. ಕಣ್ಣು ಅಕ್ಕನದೇ ಎಂದು ರಾಜಲಕ್ಷ್ಮಮ್ಮ ಮೆಚ್ಚಿಕೊಂಡರು. ಆಮೇಲೆ ಹಲಗೆಯನ್ನು ಬೆಳಕಿಗೆ ಹಿಡಿದರು.

“ಭಾವ, ನಮ್ಮಕ್ಕ ಬಲಗಡೆ ಸೆರಗು ಯಾವತ್ತು ಹಾಕಿದ್ಲು? ಮೂಗುಬೊಟ್ಟೂ ಇನ್ನೊಂದು ಕಡೆ ಹೋಗಿದೆ.”

ಮೇಡಂ ಫೋಟೊ ತೆಗೆದು ಹಲಗೆಯ ಪಕ್ಕ ಹಿಡಿದು ನೋಡಿದರು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂದು ವರ್ಷವರ್ಷವೂ ಪಾಠ ಮಾಡುವವರು ಅವರು. ಬೋರಲು ಹಾಕಿದ ಕಾಗದವೂ ಅದನ್ನೇ ಮಾಡುತ್ತದೆಂದು ಹೊಳೆದಿರಲಿಲ್ಲ. ನನ್ನ ಹಿಡಿಯನ್ನು ಅವರು ಬಿಗಿಯಾಗಿ ಹಿಡಿದರು.

“ಕೊಡಿ ಸಾರ್. ಹತ್ತರಿ ಹೊಡೆದು ಮೇಲಿನದೆಲ್ಲಾ ಹೆರೆದು ತೆಗೆದು, ಬೆಳಗ್ಗೆ ಹೊತ್ತಿಗೆ ಬೇರೆ ಮಾಡಿಕೊಡ್ತೀನಿ.”

ಶ್ರೀಕಂಠಯ್ಯ ಹಲಗೆಯನ್ನು ನಾದಿನಿಯ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. “ಅವಳ ಮುಖದ ಮೇಲೆ ಹತ್ತರಿ ಹೊಡೆಯೋದು ಬೇಡಮ್ಮ.”

ಮಾರನೆಯ ದಿನ ನಡೆದದ್ದನ್ನು ಮೇಡಂ ತಮ್ಮ ತಾಯಿಗೆ ಹೇಳುವಾಗ ಕೇಳಿಸಿಕೊಂಡೆ. ಸೆರಗು ಮುಚ್ಚುವಂತೆ ಸೇವಂತಿಗೆ ಹಾರವನ್ನು ಬಲಕ್ಕೆ ಎಳೆದು ಹಾಕಿದ್ದರಂತೆ. ಮೂಗುಬೊಟ್ಟು ಮಾತ್ರ ಕಾಣುತ್ತಿತ್ತಂತೆ. ಬಂದವರಿಗೆಲ್ಲ ಶ್ರೀಕಂಠಯ್ಯ, ಇದು ನಮ್ಮ ವನಜಾಕ್ಷಿ ಮಾಡಿದ್ದು ಎಂದು ಕರೆದು ಕರೆದು ತೋರಿಸಿದರಂತೆ. “ಬೈದಿದ್ರೆ ಊಟನಾದ್ರೂ ಮಾಡ್ಕೊಂಡು ಬರ್ತಿದ್ದೆ ಕಣಮ್ಮ, ಅವರು ಹಾಗೆ ತೋರಿಸ್ತಿದ್ರೆ ಕೂರೋಕೇ ಆಗ್ಲಿಲ್ಲ,” ಎಂದು ಮೇಡಂ ತಲೆ ತಗ್ಗಿಸಿದರು.

ಆಮೇಲೆ ಅವರು ಮರದ ಮೇಲೆ ಚಿತ್ರ ಸುಡಲಿಲ್ಲ. ಮರಗೆಲಸವನ್ನು ಮಾತ್ರ ಬಿಡಲಿಲ್ಲ. ಈಗ ಉಳಿ ಹಿಡಿದು ಮಣೆ, ಪೀಠ ಮಾಡುತ್ತಾರೆ. ನಾನು ಅವರ ಡ್ರಾಯರಿನಲ್ಲಿ, ಮರ ಉಜ್ಜುವ ಉಪ್ಪುಕಾಗದದ ಪಕ್ಕ ಮಲಗಿದ್ದೇನೆ, ತಂತಿಗೂ ವಯಸ್ಸಾಗಿದೆ. ಪದ್ಮಾವತಮ್ಮನ ಮುಖ ಸುಟ್ಟ ಕರಿ ನನ್ನ ಮೂಗಿಗೆ ಇನ್ನೂ ಅಂಟಿಕೊಂಡಿದೆ. ಉಪ್ಪುಕಾಗದಕ್ಕೆಂದು ಡ್ರಾಯರ್ ಎಳೆದಾಗಲೆಲ್ಲ ಮೇಡಂ ಅದನ್ನು ನೋಡುತ್ತಾರೆ. ಉಜ್ಜಿ ತೆಗೆಯುವುದಿಲ್ಲ.