ಬಲಕ್ಕಿಟ್ಟ ಅನ್ನ

ಜೂನ್ ಕೊನೆಯ ಮಳೆ ಹಿಡಿಯಿತೆಂದರೆ ನಮ್ಮ ಗುರುವಾರದ ನಡಿಗೆಗೆ ರಜೆ. ನಮ್ಮೂರು ದೇಗುವಿನ ಬೆಟ್ಟಗಳ ಕಲ್ಲುಗಳೆಲ್ಲ ಜಾರುತ್ತವೆ. ಮುದುಕಿಯರ ಸೊಂಟ ಮುರಿದರೆ ಯಾರು ಹೊಣೆ? ಹಾಗಾಗಿ ಆ ತಿಂಗಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಕಟ್ಟಳೆ ಒಂದೇ: ಎಲ್ಲಿದ್ದರೂ ಉಣ್ಣುವ ಮೊದಲು ಊಟದ ಫೋಟೋ ಫೋನಿನಲ್ಲಿ ನಮ್ಮ ಗುಂಪಿಗೆ ಹಾಕಬೇಕು. ಜೊತೆಗೇ ಕೂತು ಉಂಡಂತಾಗುತ್ತದಲ್ಲ.

ಗೆಳತಿ ಗುಮ್ಜಾ ಜಿಯೊಂಜು ಪಟ್ಟಣಕ್ಕೆ ಹೋಗಿ ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದಳು. ನಾನು ಬುಸಾನಿನಲ್ಲಿ ಮಗನ ಮನೆಯಲ್ಲಿದ್ದೆ. ಓಕ್ಬುನ್ ಒಬ್ಬಳೇ ಉಲ್ಜಿನ್ ಕಡಲದಂಡೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬೇಯಿಸಿಕೊಳ್ಳುತ್ತಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಇತ್ತೀಚೆಗೆ ಬೆಟ್ಟ ಹತ್ತುವಾಗ ಹಿಂದೆ ಬೀಳುತ್ತಿದ್ದಳು, ಬಟ್ಟೆ ಮೈಮೇಲೆ ಜೋತಾಡುತ್ತಿತ್ತು. ಕೇಳಿದರೆ "ವಯಸ್ಸಾಯ್ತಲ್ಲ, ಪಿಲ್ಸುನಕ್ಕ" ಎಂದು ನಗುತ್ತಿದ್ದಳು. ನನಗೆ ಅವಳದ್ದೇ ಚಿಂತೆ. ಅವಳ ಫೋಟೋ ಬರುವತನಕ ನಾನು ಚಮಚ ಎತ್ತುತ್ತಿರಲಿಲ್ಲ.

ಆ ಮಧ್ಯಾಹ್ನ ಬಂತು. ಅನ್ನ, ಮೂಲಂಗಿ ಹಾಕಿದ ಮಾಂಸದ ಸಾರು, ಹುರಿದ ಮೀನು. ಆದರೆ ಅನ್ನ ಬಲಕ್ಕೆ, ಸಾರು ಎಡಕ್ಕೆ. ಅನ್ನದಲ್ಲಿ ಚಮಚ ನೆಟ್ಟಗೆ ನಿಂತಿದೆ. ಬದುಕಿರುವವರಿಗೆ ನಾವು ಅನ್ನವನ್ನು ಎಡಕ್ಕಿಡುತ್ತೇವೆ. ಬಲಕ್ಕಿಟ್ಟರೆ ಅದು ಸತ್ತವರ ಎಡೆ.

"ಏನೇ ಇದು, ದೆವ್ವಾನ ಊಟಕ್ಕೆ ಕರ್ದಿದ್ದೀಯಾ?" ಎಂದು ಗುಮ್ಜಾ ಬರೆದಳು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಯಜಮಾನ್ರ ತಿಥಿನಾ? ತಪ್ಪಾಯ್ತು ಕಣೇ."

ಉಳಿದವರೆಲ್ಲ ಕೈಮುಗಿದ ಚಿತ್ರ ಹಾಕಿದರು. ತಿಥಿ ಅಂದಮೇಲೆ ಇನ್ನೇನು ಕೇಳುವುದು?

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಫೋಟೋ ಹಿಗ್ಗಿಸಿ ನೋಡಿದೆ. ಮೀನಿನ ಪಕ್ಕ ಒಂದು ಪೀಚ್ ಹಣ್ಣು. ಪೀಚ್ ಇದ್ದಲ್ಲಿಗೆ ಸತ್ತವರು ಕಾಲಿಡುವುದಿಲ್ಲ. ಎಂಥ ದಡ್ಡಿಯೂ ಅದನ್ನು ಎಡೆಗಿಡುವುದಿಲ್ಲ. ಗಂಡನನ್ನು ಊಟಕ್ಕೆ ಕರೆದು ಬಾಗಿಲು ಹಾಕಿಕೊಳ್ಳುತ್ತಾರೆಯೇ? ಈ ಎಡೆ ಇನ್ನೂ ಬದುಕಿರುವವರಿಗೆ. ಆ ಕೋಣೆಯಲ್ಲಿ ಇದ್ದವಳು ಅವಳೊಬ್ಬಳೇ.

ಫೋನ್ ಮಾಡಿದೆ. "ಯಾರಿಗೇ ಅದು?"

"ನೀನು ಕಂಡುಹಿಡೀತೀಯ ಅಂತ ಗೊತ್ತಿತ್ತು ಅಕ್ಕ. ನನಗೇ. ಮೊದಲ ಹಿಮ ಬೀಳೋತನಕ ಇರಲ್ಲ ಅಂದ್ರು ಡಾಕ್ಟರು. ಆಮೇಲೆ ನನಗೆ ಇಡೋರು ಯಾರಿದ್ದಾರೆ? ಕಣ್ಣಿದ್ದಾಗ್ಲೇ ನೋಡ್ಬಿಡೋಣ ಅನ್ನಿಸ್ತು. ಪೀಚ್ ಅಂತೂ ಈಗ್ಲೇ ತಿನ್ಬೇಕು. ಆಮೇಲೆ ಅದಿದ್ದ ಕಡೆ ನಾನು ಬರೋಕಾಗಲ್ಲ."

"ಬಿಡ್ತು ಅನ್ನೇ! ಹಾಳು ಬಾಯಿ ನಿಂದು! ಮೊದಲು ಆ ಚಮಚ ಕೀಳು. ನಾನು ಸತ್ತಿದ್ದೀನಾ? ನಾನಿಡ್ತೀನಿ ನಿಂಗೆ, ವರ್ಷಾ ವರ್ಷಾ."

"ನೀನು ನನಗಿಂತ ದೊಡ್ಡೋಳು ಅಕ್ಕ. ನಿಂಗೆ ಯಾರಿಡ್ತಾರೆ?"

ಒಳಗೆ ಸೊಸೆ ಚರ್ಚಿನ ಹಾಡು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು. ಈ ಮನೆಯಲ್ಲಿ ಎಡೆಯಿಡುವುದು ನಿಂತು ಎಷ್ಟೋ ವರ್ಷವಾಯಿತು. ನನ್ನ ಗಂಡನಿಗೇ ಇಡುವುದಿಲ್ಲ, ನನಗಿಡುತ್ತಾರೆಯೇ?

ಫೋನಿನ ಆ ಕಡೆ ಪಾತ್ರೆಯ ಮುಚ್ಚಳ ತೆಗೆದ ಸದ್ದು.

"ಏನು ಮಾಡ್ತಿದ್ದೀಯೇ?"

"ಅನ್ನ ಮಿಕ್ಕಿದೆ ಅಕ್ಕ, ಸಾರೂ ಇದೆ. ನಿಂಗೂ ಇಟ್ಬಿಡ್ತೀನಿ."

"ಬೇಡ ಕಣೇ! ನಿನ್ನ ದಮ್ಮಯ್ಯ, ಬೇಡ!"

ಫೋನ್ ಇಟ್ಟುಬಿಟ್ಟಳು. ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಹೊಸ ಫೋಟೋ: ಅಕ್ಕಪಕ್ಕ ಎರಡು ಎಡೆ, ಎರಡರಲ್ಲೂ ಅನ್ನ ಬಲಕ್ಕೆ.

"ಇನ್ನೊಂದು ಯಾರಿಗೇ?" ಎಂದು ಗುಮ್ಜಾ ಕೇಳಿದಳು.

"ಪಿಲ್ಸುನಕ್ಕನಿಗೆ."

"ಅಕ್ಕ ಬುಸಾನಲ್ಲಿ ಇದ್ದಾಳಲ್ಲೇ?"

"ಬರ್ತಾಳೆ," ಎಂದು ಓಕ್ಬುನ್ ಬರೆದಳು.

ಅಷ್ಟರಲ್ಲಿ ನಾನು ಬಟ್ಟೆ ಚೀಲಕ್ಕೆ ತುರುಕಿ, ಬಾಗಿಲಲ್ಲಿ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದೆ.