ಅಭ್ಯಾಸದ ಕಾಪಿ

ಮೈದುನನಿಗೆ ಅವಳು ಇಟ್ಟ ಹೆಸರು ಪಂಡಿತ. ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಮನಸ್ಸಿನೊಳಗೆ ಮಾತ್ರ ಬೇರೆ ಹೆಸರೇ ಇರಲಿಲ್ಲ. ಒಂದೆರಡು ಕಂಪ್ಯೂಟರ್ ಸರ್ಟಿಫಿಕೇಟುಗಳನ್ನು ಗೋಡೆಗೆ ನೇತುಹಾಕಿಕೊಂಡು, ಮನೆಯವರೆಲ್ಲ ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿಗಳು ಎನ್ನುವ ಹಾಗೆ ಮಾತಾಡುವವನನ್ನು ಇನ್ನೇನೆಂದು ಕರೆಯಬೇಕು?

ಮನೆಯವರ ಕಸುಬು ಕೃತಕ ಕಾಲು ಮಾಡುವುದು. ಕೆಳಗೆ ಕಾರ್ಖಾನೆ, ಮೇಲೆ ಆಫೀಸು. ಅವಳ ಗಂಡ ಕೆಳಗೆ ಉಜ್ಜುವ ಯಂತ್ರದ ಮುಂದೆ ನಿಂತನೆಂದರೆ ಆಕಾಶವೇ ಕಳಚಿ ಬಿದ್ದರೂ ಅವನ ಕಿವಿಗೆ ಬೀಳದು. ಆಫೀಸು ಅವಳದು. ಮದುವೆಯಾಗಿ ಬಂದಾಗಿನಿಂದ ಬಂದವರ ಅಳತೆ ಬರೆದಿಟ್ಟವಳು ಅವಳೇ. ತೊಡೆಯ ಸುತ್ತಳತೆ, ಮೊಣಕಾಲಿನ ಎತ್ತರ, ಎಲ್ಲಿ ಒತ್ತಿದರೆ ನೋವು, ಯಾರ ಚರ್ಮಕ್ಕೆ ಯಾವ ಪಟ್ಟಿ ಆಗಿಬರದು, ಎಲ್ಲವೂ ಅವಳ ಕೈಬರಹದಲ್ಲಿತ್ತು. ಆ ಕುರ್ಚಿಯ ಮೇಲೆ ಈಗ ಪಂಡಿತನ ಕಣ್ಣು ಬಿದ್ದಿತ್ತು. ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಹೊಸ ಪದ್ಧತಿ ಯಾರ ಕೈಗೆ ಹತ್ತುತ್ತೋ ಆಫೀಸು ಅವ್ರದ್ದು. ಸೋಮವಾರ ಕೂತು ನೋಡ್ತೀನಿ."

ಹೊಸ ಪದ್ಧತಿ ಪಂಡಿತನದೇ. ಮೂಲೆಯ ಕೋಣೆಯಲ್ಲಿ ಸರ್ವರ್ ಎಂದು ಒಂದು ಡಬ್ಬ ತಂದಿಟ್ಟ. ಆಫೀಸಿನ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಆಫೀಸ್ ತಂತ್ರಾಂಶ ಹಾಕಿ, ಅದರ ಡೇಟಾಬೇಸ್ ಭಾಗವನ್ನು ಆ ಡಬ್ಬಕ್ಕೆ ಜೋಡಿಸಿದ. "ಇದು ಓಪನ್ ಸೋರ್ಸ್ ಅಪ್ಪ, ದುಡ್ಡು ಕೊಡ್ಬೇಕಾಗಿಲ್ಲ" ಎಂದದ್ದೇ ತಡ, ಮಾವನ ಮುಖ ಊರಗಲವಾಯಿತು. ಪುಕ್ಕಟೆ ಸಿಕ್ಕಿದರೆ ಜ್ವರವನ್ನೂ ಮನೆಗೆ ತರುವ ಆಸಾಮಿ ಅವರು. ಹಳೆಯ ಕಾರ್ಡುಗಳಲ್ಲಿದ್ದ ಅಳತೆಗಳನ್ನೆಲ್ಲ ಅವಳೇ ಬೆರಳು ಸವೆಯುವಂತೆ ಅದರೊಳಗೆ ತುಂಬಿದಳು. ತುಂಬಿ ಮುಗಿಯುತ್ತಲೇ ಪಂಡಿತ ಕಾರ್ಡುಗಳನ್ನು ರದ್ದಿಗೆ ಹಾಕಿಬಿಟ್ಟ.

"ಎಲ್ಲ ಇದ್ರೊಳಗಿದೆ ಅತ್ತಿಗೆ" ಎಂದು ಪರದೆಯ ಮೇಲಿನ ಫೈಲನ್ನು ತೋರಿಸಿದ. "ದಿನಾ ಸಂಜೆ ಪೆನ್‌ಡ್ರೈವ್‌ಗೆ ಕಾಪಿ ತಗೋತೀನಿ. ಏನೂ ಹೋಗಲ್ಲ."

ಶನಿವಾರ ಅದೇ ಫೈಲಿನ ಇನ್ನೊಂದು ಕಾಪಿ ಮಾಡಿ, 'ಅಭ್ಯಾಸ' ಎಂದು ಹೆಸರು ಕೊಟ್ಟು ಅವಳ ಮುಂದಿಟ್ಟ. "ಇದ್ರಲ್ಲಿ ಏನ್ ಬೇಕಾದ್ರೂ ಮಾಡಿ. ಸೇರ್ಸಿ, ತಿದ್ದಿ, ಅಳ್ಸಿ. ನಿಜವಾದ್ದು ಬೇರೆ ಇದೆ, ಅದಕ್ಕೇನೂ ಆಗಲ್ಲ. ಮಕ್ಕಳು ಮಣ್ಣಲ್ಲಿ ಆಡ್ತಾರಲ್ಲ, ಹಾಗೆ ಆಡಿ."

ಮಕ್ಕಳಂತೆ! ಅವಳ ಮೈ ಉರಿದುಹೋಯಿತು. ತನ್ನ ಮದುವೆಯ ದಿನ ಇವನು ಮೂಗೊರೆಸಿಕೊಳ್ಳಲೂ ಬರದೆ ಓಡಾಡುತ್ತಿದ್ದವನು. ಸಂಜೆಯವರೆಗೆ ಕೂತು ಹೊಸಬರನ್ನು ಸೇರಿಸಿದಳು, ತಿದ್ದಿದಳು, ಹುಡುಕಿದಳು. ಇಷ್ಟೇ ತಾನೆ? ಇದಕ್ಕಾ ಇವನು ಇಷ್ಟು ಮೆರೆದದ್ದು? ಕೊನೆಗೆ ಸಾಲುಗಳನ್ನೆಲ್ಲ ಒಟ್ಟಿಗೆ ಹಿಡಿದು ಅಳಿಸುವ ಗುಂಡಿ ಒತ್ತಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನೇ ಒರೆಸಿ ಹಾಕುವ ಖುಷಿಯಲ್ಲಿ ಹೌದೆಂದಳು.

ಸೋಮವಾರ ಮಾವ ಬಂದು ಕುರ್ಚಿ ಎಳೆದು ಕೂತರು. ಕಾಲಿನಲ್ಲಿ ತೊಡೆ ಕೂರುವ ಬಟ್ಟಲು ಸಡಿಲವಾಗಿದೆ, ಹೊಸದು ಬೇಕೆಂದು ಹಳೆಯ ಗಿರಾಕಿ ಡ್ರಿಲ್ ಮೇಷ್ಟ್ರು ಹೊರಗಿನ ಬೆಂಚಿನ ಮೇಲಿದ್ದರು. ಅವಳು ಠೀವಿಯಿಂದ ನಿಜವಾದ ಫೈಲು ತೆರೆದಳು. ಅಳತೆಗಳಿರಬೇಕಾದ ಜಾಗ ಬಟಾಬಯಲು.

ಪಂಡಿತ ನಗುತ್ತಲೇ ಪೆನ್‌ಡ್ರೈವ್ ಚುಚ್ಚಿದ. ಅಲ್ಲಿದ್ದ ಕಾಪಿ ತೆರೆದರೆ ಅದೂ ಬಯಲು. ನಗು ಅಲ್ಲಿಗೆ ಇಂಗಿತು.

"ಅಪ್ಪ... ಈ ಫೈಲಲ್ಲಿ ಅಳತೆ ಇರಲ್ಲ. ಇದು ಬರೀ ಬಾಗ್ಲು. ಅಳತೆ ಎಲ್ಲ ಸರ್ವರಲ್ಲಿರುತ್ತೆ. ನಾನು ಕಾಪಿ ಮಾಡಿದ್ದು ಬಾಗ್ಲಿಗೆ. ಎರಡು ಬಾಗ್ಲೂ ಒಂದೇ ಕೋಣೆಗೆ ತೆರೀತಿತ್ತು."

ಅಯ್ಯೋ ದೇವರೇ! ದಿನಾ ಸಂಜೆ ಈ ಮಹಾನುಭಾವ ಬಾಗಿಲನ್ನು ಜೇಬಿನಲ್ಲಿಟ್ಟುಕೊಂಡು ಮನೆ ಕಾಯುತ್ತಿದ್ದೇನೆಂದು ಬೀಗುತ್ತಿದ್ದನೇ! ಅವಳಿಗೆ ಒಂದು ಕ್ಷಣ ನಗುವೇ ಬಂತು. ಮರುಕ್ಷಣ ಶನಿವಾರದ ಸಂಜೆ ನೆನಪಾಯಿತು. ಗುಂಡಿ ಒತ್ತಿದ ಬೆರಳು ತನ್ನದು.

"ಅಳಿಸಿದ್ದು ಯಾರು?" ಮಾವನ ದನಿ ಏರಿತು.

ಈಗ ತನ್ನತ್ತ ಬೊಟ್ಟು ಮಾಡುತ್ತಾನೆ ಎಂದುಕೊಂಡಳು. ಲೋಟ ಒಡೆದರೆ ಲೋಟದ್ದೇ ತಪ್ಪು ಎನ್ನುವ ಜಾತಿ ಅವನದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನ ಮುಖಕ್ಕೆ ಎಸೆಯಲು ಗಾದೆಯನ್ನೂ ಸಿದ್ಧವಾಗಿಟ್ಟುಕೊಂಡಳು.

"ನಾನೇ ಅಪ್ಪ" ಎಂದ ಅವನು. "ಕಾಪಿ ಅಂದ್ಕೊಂಡು ಎಲ್ಲ ಅಳಿಸ್ಬಿಟ್ಟೆ."

ಅವಳು ಬಾಯಿ ತೆರೆಯಲಿಲ್ಲ. ತೆರೆಯಬಹುದಿತ್ತು. ಮಾವ ಸಾಕಷ್ಟು ಹೊತ್ತು ಬೈದರು, ಒಂದೇ ಒಂದು ಮಾತಿಗೆ ಬೇಕಾದಷ್ಟು ಜಾಗವಿತ್ತು.

"ಇವತ್ತಿನಿಂದ ಕೆಳಗೆ ಹೋಗಿ ಅಚ್ಚಿನ ಪ್ಲಾಸ್ಟರ್ ಕಲಸು. ಆಫೀಸು ಅತ್ತಿಗೆದು. ನೋಡಮ್ಮ, ಎಲ್ರಿಗೂ ಫೋನ್ ಮಾಡಿ ಕರೆಸು, ಮತ್ತೆ ಅಳತೆ ಆಗ್ಲಿ" ಎಂದು ಮಾವ ಎದ್ದು ಹೋದರು.

ಅವರ ಹಿಂದೆಯೇ ಹೊರಟ ಮೈದುನ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದ: "ಅಳ್ಸಿ ಅಂತ ಹೇಳಿದ್ದು ನಾನೇ ತಾನೆ, ಅತ್ತಿಗೆ."

ಕುರ್ಚಿ ಉಳಿದಿತ್ತು, ಅವಳು ಅದರ ಮೇಲೆ ಗಟ್ಟಿಯಾಗಿ ಕೂತಳು.

ಮೇಷ್ಟ್ರು ಒಳಗೆ ಬಂದು ಕೂತು, ಕಾಲು ಕಳಚಿ ಗೋಡೆಗೆ ಒರಗಿಸಿಟ್ಟರು. "ಅಲ್ಲಮ್ಮ, ಅಷ್ಟೂ ಅಳತೆ ಹೋಯ್ತು ಅಂದ್ರು ನಿಮ್ಮ ಮಾವ, ಅದ್ಹೇಗೆ? ಮೊದಲ ಸಲ ಆ ನೋವಿನ ಜಾಗ ಹುಡುಕೋಕೆ ನೀನೂ ನಾನೂ ಎಷ್ಟು ಒದ್ದಾಡಿದ್ವಿ!"

"ನಮ್ಮ ಮೈದುನ, ಮೇಷ್ಟ್ರೇ" ಎಂದಳು. ನಾಲಿಗೆ ಒಂಚೂರೂ ತೊದಲಲಿಲ್ಲ. "ಓದು ತಲೆಗೇರಿದ್ರೆ ಹೀಗೇ."

ಮೇಷ್ಟ್ರ ಅಚ್ಚು ತೆಗೆಯಲು ಪ್ಲಾಸ್ಟರ್ ಬೋಗುಣಿ ಹಿಡಿದು ಅವನು ಆಗಲೇ ಬಾಗಿಲಲ್ಲಿದ್ದ.

"ಹೌದು ಮೇಷ್ಟ್ರೇ, ನಾನೇ" ಎಂದು ಮಂಡಿಯೂರಿ ಕೂತು, ಅವರ ತೊಡೆಗೆ ಟೇಪು ಸುತ್ತಿದ. "ಬರ್ಕೊಳ್ಳಿ ಅತ್ತಿಗೆ."

ಅವನು ಅಳತೆ ಹೇಳಿದ, ಅವಳು ತಲೆ ಬಗ್ಗಿಸಿ ಬರೆದಳು. ಥೂ ನಿನ್ನ ಜನ್ಮಕ್ಕಿಷ್ಟು, ಎಂದುಕೊಂಡಳು. ಅದು ಮೈದುನನಿಗೆ ಅಂದದ್ದಲ್ಲ.