ಸೂಗಮ್ಮನ ಖಾನಾವಳಿಯ ಸೊಸೆ

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಸೂಗಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಅವಳ ಸೊಸೆ ಚಂದ್ರಕಲಾ. ಮದುವೆಯಾದಾಗಿನಿಂದ ಅವಳಿಗೆ ಕರುಳಿನ ಹುಣ್ಣು. ರೊಟ್ಟಿ ಹಂಚಿಗೆ ಬಿತ್ತೋ ಇಲ್ಲವೋ, ಹೊಟ್ಟೆ ಹಿಡಿದುಕೊಂಡು ಪಾಯಖಾನೆಗೆ ಓಡುತ್ತಿದ್ದಳು, ಹೋದಾಗಲೆಲ್ಲ ರಕ್ತ. ಇತ್ತ ರೊಟ್ಟಿ ಸೀಯುತ್ತಿತ್ತು, ಅತ್ತೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಗಂಡ ಈರಯ್ಯ ಎಂಬ ಪುಣ್ಯಾತ್ಮ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತುತ್ತಿರಲಿಲ್ಲ.

ಔಷಧಿ ಯಾವುದೂ ನಾಟದೆ ಕೊನೆಗೆ ಆಪರೇಷನ್ ಆಯಿತು. ಕೆಟ್ಟ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ಬಾಯಿ ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಅಲ್ಲೊಂದು ಚೀಲ ಅಂಟಿಸಿದರು. "ಇದು ಸದ್ಯಕ್ಕಷ್ಟೇ. ಒಳಗಿನ ಗಾಯ ಮಾದ ಮ್ಯಾಲೆ ಇನ್ನೊಂದು ಆಪರೇಷನ್ ಮಾಡಿ ಕರುಳು ಕೂಡಿಸ್ತೀನಿ, ಚೀಲ ಇರಂಗಿಲ್ಲ," ಎಂದರು ಡಾಕ್ಟರಮ್ಮ. ಆ ಮಾತನ್ನು ಚಂದ್ರಕಲಾ ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಸೂಗಮ್ಮ ಕಂಡುಕೊಂಡದ್ದೇ ಬೇರೆ. ಚೀಲದ ಸೊಸೆ ಒಲೆ ಬಿಟ್ಟು ಏಳುವುದೇ ಇಲ್ಲ! ಮುಂಜಾನೆ ಹೊಟ್ಟೆಗೆ ಹಾಕದಿದ್ದರೆ ಚೀಲವೂ ಬೇಗ ತುಂಬುವುದಿಲ್ಲ. ಅಂದಿನಿಂದ ಗಿರಾಕಿಗಳೆಲ್ಲ ಉಂಡೆದ್ದ ಮೇಲೆಯೇ ಅವಳಿಗೆ ತುತ್ತು. ಒಲೆಯ ಝಳಕ್ಕೆ ಚೀಲದ ಅಂಟು ಬಿಟ್ಟು, ಸುತ್ತಲಿನ ಚರ್ಮ ಸುಲಿದು ಧಗಧಗ ಉರಿಯುತ್ತಿತ್ತು.

"ಅತ್ತೀ, ಕರುಳು ಕೂಡಿಸಾಕ ಬಾ ಅಂದಾರ ಡಾಕ್ಟರಮ್ಮ."

"ಈಗೇನಾಗ್ಯಾದ ನಿನಗ? ಛಲೋ ಕುಂತು ರೊಟ್ಟಿ ಬಡ್ಯಾಕತ್ತೀದಿ. ಕೂಡಿಸಿದ್ರ ಮತ್ತ ಓಡಾಕ ಹತ್ತೀದಿ. ಸುಮ್ಮನಿರು."

"ಅವ್ವ ಅಂದಂಗ ಕೇಳು," ಎಂದ ಈರಯ್ಯ.

ಚೀಲದ ಸಂಗತಿ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಒಬ್ಬನೂ ತನ್ನ ಕೈಯ ರೊಟ್ಟಿ ಮುಟ್ಟಲಾರ, ಆಗ ಅತ್ತೆಯೇ ಆಸ್ಪತ್ರೆಗೆ ಅಟ್ಟುತ್ತಾಳೆ ಎಂದುಕೊಂಡಳು ಚಂದ್ರಕಲಾ. ಮಾನ ಹೋದರೆ ಹೋಗಲಿ.

ಮಾನ್ವಿ, ದೇವದುರ್ಗದಿಂದ ಕೋರ್ಟಿಗೆ ಬಂದವರು ಊಟಕ್ಕೆ ಕೂತ ಹೊತ್ತು ನೋಡಿ, ಎದ್ದು ಬಂದು ಸೆರಗು ಸರಿಸಿದಳು. "ನೋಡ್ರೀ ಯಪ್ಪಾ, ನನ್ನ ಹೇಲು ತುಂಬೂದು ಇದರಾಗ. ಇದನ್ನ ಕಟ್ಕೊಂಡೇ ನಿಮಗ ರೊಟ್ಟಿ ಬಡ್ಯಾಕತ್ತೀನಿ."

ತುತ್ತುಗಳು ಬಾಯಿಯ ಹತ್ತಿರವೇ ನಿಂತವು. ಸೂಗಮ್ಮ ಎಂಥವಳು! ಕಣ್ಣಿಗೆ ಸೆರಗು ಒತ್ತಿಕೊಂಡೇ ಬಂದು ಸೊಸೆಯ ತಲೆ ಸವರಿದಳು. "ಬ್ಯಾಡವ್ವಾ ಅಂದ್ರೂ ಕೇಳವಲ್ಲಳ್ರೀ. ಬಂದ ಮಂದಿ ಹಸದು ಹೋಗಬಾರದಂತ, ಇಂಥಾ ಹೊಟ್ಟಿ ಇಟ್ಕೊಂಡು ಒಲಿ ಬಿಟ್ಟು ಏಳಂಗಿಲ್ಲ ನನ್ನ ಸೊಸಿ."

ಗಿರಾಕಿಗಳ ಕಣ್ಣುಗಳು ತೇವವಾದವು. ಮಾನ್ವಿಯ ಹಿರಿಯರೊಬ್ಬರು ಕೂತಲ್ಲಿಂದಲೇ ಕೈ ಮುಗಿದರು. "ಮಹಾತಾಯಿ ಅದಾಳ ಬಿಡ್ರಿ." ಆಮೇಲೆ ತಾಟು ಮುಂದೆ ಸರಿಸಿದರು. "ಯವ್ವಾ, ಬಿಸಿದು ಇನ್ನೊಂದು ಹಾಕು."

ಆ ಮಹಾತಾಯಿಯನ್ನು ನೋಡಲೆಂದೇ ಮರುದಿನದಿಂದ ಜನ ಹೆಚ್ಚಾದರು. ಸೂಗಮ್ಮ ಅವಳ ಮುಂದೆ ಇನ್ನೊಂದು ಒಲೆ ಹೂಡಿದಳು.